ಐದನೇ ಲೇಯರನ್ನು ಕಂಡವರುಂಟೇ?

ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆಯ ತಯಾರಿ ಶುರುವಾಗುವುದೇ ಒಂದು ಜಪದಿಂದ. 'ಆಲ್ ಪೀಪಲ್ ಸೀಮ್ ಟು ನೀಡ್ ಡೇಟಾ ಪ್ರೊಸೆಸಿಂಗ್.' ಏಳು ಪದ, ಏಳು ಲೇಯರ್. ಅಪ್ಲಿಕೇಶನ್, ಪ್ರೆಸೆಂಟೇಶನ್, ಸೆಷನ್, ಟ್ರಾನ್ಸ್‌ಪೋರ್ಟ್, ನೆಟ್‌ವರ್ಕ್, ಡೇಟಾ ಲಿಂಕ್, ಫಿಸಿಕಲ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಬಾರದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗುವ ಕೆಲಸವನ್ನು ಹೀಗೆ ಏಳು ಪದರಗಳಾಗಿ ವಿಂಗಡಿಸುವುದಕ್ಕೆ ಓಎಸ್‌ಐ ಮಾಡೆಲ್ ಅಂತ ಹೆಸರು. ಎಣಿಕೆ ಮಾತ್ರ ಕೆಳಗಿನಿಂದ, ಫಿಸಿಕಲ್ ಒಂದನೆಯದು.

ಈ ಮಾಡೆಲ್ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಓದ ಮುದ್ರೆ ಒತ್ತಿಸಿಕೊಂಡು ಹೊರಬಂದದ್ದು 1984ರಲ್ಲಿ. ಅಷ್ಟರಲ್ಲಿ ಇಂಟರ್ನೆಟ್ಟಿನ ಮೂಲವಾದ ಅರ್ಪಾನೆಟ್, 1983ರ ಜನವರಿ 1ರಂದೇ ಟಿಸಿಪಿ/ಐಪಿ ಅನ್ನುವ ಬೇರೆಯೇ ನಿಯಮಾವಳಿಗೆ ಬದಲಾಗಿ ಆಗಿತ್ತು. ಮದುವೆ ಮುಗಿದು ವರ್ಷ ಕಳೆದ ಮೇಲೆ ಇನ್ನೊಬ್ಬ ವರನ ಜಾತಕ ಬಂತು. ಹೆಣ್ಣಿನ ಮನೆಯವರು ಅದನ್ನು ಬಿಸಾಡಲಿಲ್ಲ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರು. ಇವತ್ತಿಗೂ ಮನೆಗೆ ಬಂದವರೆಲ್ಲ ಅದಕ್ಕೆ ಕೈಮುಗಿದೇ ಒಳಗೆ ಹೋಗಬೇಕು.

ಕೆಳಗಿನ ನಾಲ್ಕು ಲೇಯರ್ ಕೆಲಸಕ್ಕೆ ಬರುತ್ತವೆ, ಅದನ್ನು ಒಪ್ಪಬೇಕು. ನೆಟ್ ಹೋದಾಗ ಮೊದಲು ಕೇಬಲ್ ನೋಡು, ಆಮೇಲೆ ನೆಟ್‌ವರ್ಕ್ ಸ್ವಿಚ್ ನೋಡು, ಆಮೇಲೆ ಯಂತ್ರದ ಐಪಿ ವಿಳಾಸ ನೋಡು ಅನ್ನುವ ಶಿಸ್ತು ಬರುವುದು ಅಲ್ಲಿಂದಲೇ. ಆದರೆ ಈ ಐದನೆಯದು, ಸೆಷನ್ ಲೇಯರ್? ವರ್ಷಗಟ್ಟಲೆ ರೂಟರ್ ಜೊತೆ ಏಗಿದ ಯಾವ ಸೀನಿಯರನ್ನಾದರೂ ಕೇಳಿ ನೋಡಿ. 'ಸರ್, ಸೆಷನ್ ಲೇಯರ್ ಕೆಟ್ಟಿದೆ ಅಂತ ಯಾವತ್ತಾದರೂ ಕಂಪ್ಲೇಂಟ್ ಬಂದಿದೆಯಾ?' ಅವರು ಒಂದು ಕ್ಷಣ ಯೋಚಿಸಿ, 'ಅದು ಪರೀಕ್ಷೆಗೆ ಬರುತ್ತೆ, ಓದ್ಕೋ' ಅನ್ನುತ್ತಾರೆ.

ಓದಿಕೊಳ್ಳಬೇಕಾದ್ದು ಇನ್ನೂ ಬೇಕಾದಷ್ಟಿದೆ. ಐಪಿ ವಿಳಾಸಗಳನ್ನು ಎ, ಬಿ, ಸಿ ಕ್ಲಾಸ್ ಅಂತ ಹಂಚುವ ಪದ್ಧತಿಯನ್ನು ಕೈಬಿಟ್ಟು 1993ರಲ್ಲೇ ಸಿಐಡಿಆರ್ ಅನ್ನುವ, ಬೇಕಾದ ಅಳತೆಗೆ ಹಂಚುವ ಪದ್ಧತಿ ತಂದರು. ಆಗ ಹುಟ್ಟಿದ ಮಕ್ಕಳು ಈಗ ನೆಟ್‌ವರ್ಕ್ ಇಂಜಿನಿಯರುಗಳಾಗಿ, ತಮ್ಮ ಜೂನಿಯರುಗಳಿಗೆ ಎ, ಬಿ, ಸಿ ಕ್ಲಾಸ್ ಪಾಠ ಮಾಡುತ್ತಿದ್ದಾರೆ. ಇನ್ನು ದೂರದ ಯಂತ್ರಕ್ಕೆ ಲಾಗಿನ್ ಆಗುವ ಹಳೆಯ ವಿಧಾನ, ಟೆಲ್‌ನೆಟ್. ಪಾಸ್‌ವರ್ಡನ್ನು ಮುಚ್ಚುಮರೆ ಇಲ್ಲದೆ ಕಳಿಸುತ್ತದೆ, ಯಾರೂ ಬಳಸಬೇಡಿ ಅಂತ ಪುಸ್ತಕವೇ ಹೇಳುತ್ತದೆ. ಹೇಳಿ, ಅದರ ಪೋರ್ಟ್, ಅಂದರೆ ಯಂತ್ರದೊಳಗೆ ಹೋಗುವ ಬಾಗಿಲಿನ ನಂಬರ್, 23 ಅನ್ನುವುದನ್ನು ಬಾಯಿಪಾಠ ಮಾಡಿಸುತ್ತದೆ. ಇಂಥವೇ ಬೇರೆ ಸೇವೆಗಳೂ ಇವೆ, ಟಿಎಫ್‌ಟಿಪಿಗೆ 69, ಎಸ್‌ಎನ್‌ಎಂಪಿಗೆ 161, ಆರ್‌ಡಿಪಿಗೆ 3389. ಅಮ್ಮನ ಫೋನ್ ನಂಬರ್ ನೆನಪಿಲ್ಲದ ತಲೆಗಳಲ್ಲಿ ಇವೆಲ್ಲ ಆರಾಮಾಗಿ ಕೂತಿರುತ್ತವೆ.

ದೊಡ್ಡ ನೆಟ್‌ವರ್ಕನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಸಬ್‌ನೆಟ್ಟಿಂಗ್ ಬಗ್ಗೆ ನನ್ನ ತಕರಾರಿಲ್ಲ. ನಿಜಕ್ಕೂ ಬೇಕಾದ ವಿದ್ಯೆ ಅದು. 192.168.10.77/26 ಅಂತ ಕೊಟ್ಟರೆ ಆ ಯಂತ್ರ ಯಾವ ನೆಟ್‌ವರ್ಕಿಗೆ ಸೇರಿದ್ದು? ವಿಳಾಸದ 32 ಬಿಟ್‌ಗಳಲ್ಲಿ 26 ನೆಟ್‌ವರ್ಕಿಗೆ ಹೋದರೆ ಉಳಿದದ್ದು 6, ಅಂದರೆ 64ರ ಗುಂಪುಗಳು. 77 ಬೀಳುವುದು 64ರಿಂದ 127ರ ಗುಂಪಿಗೆ. ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಗುಂಪಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿಗೆ, ಮಧ್ಯದ 62 ನಮಗೆ. ಹಾಳೆ, ಪೆನ್ನು ಇದ್ದರೆ ಅರ್ಧ ನಿಮಿಷದ ಲೆಕ್ಕ. ಆದರೆ ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಯಲ್ಲಿ ಹಾಳೆ, ಪೆನ್ನು ನಿಷಿದ್ಧ. ಪರದೆ ಮೇಲೆ ಒಂದು ವೈಟ್‌ಬೋರ್ಡ್ ಕೊಡುತ್ತಾರೆ. ಮೌಸ್ ಹಿಡಿದು ಅದರಲ್ಲಿ 128 ಅಂತ ಬರೆದು ನೋಡಿ. 1 ಸೊಟ್ಟಗೆ, 2 ಬಾತುಕೋಳಿ, 8 ಪೂರ್ತಿ ಆಗುವುದೇ ಇಲ್ಲ. ಬೈನರಿಯಲ್ಲಿ ಬರೀ ಸೊನ್ನೆ, ಒಂದು ಇರುವುದರ ಬೆಲೆ ಅವತ್ತು ತಿಳಿಯುತ್ತದೆ.

ಬರೆಯುವ ಮುಂಚೆ ಕೋಣೆಯ ನಾಲ್ಕೂ ದಿಕ್ಕಿನ ಫೋಟೋ ತೆಗೆದು ಕಳಿಸಬೇಕು. ಮೇಜು ಖಾಲಿ ಇರಬೇಕು. ಬಾಗಿಲು ತೆರೆದು ಯಾರೂ ಇಣುಕಬಾರದು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಳ್ಳಬಾರದು, ತುಟಿ ಅಲ್ಲಾಡಿದರೂ ಕ್ಯಾಮೆರಾದಲ್ಲಿ ನೋಡುತ್ತಿರುವವರಿಂದ ಎಚ್ಚರಿಕೆ ಬರಬಹುದು. ಸಾವಿರಾರು ಜನ ಒಬ್ಬರ ಜೊತೆ ಒಬ್ಬರು ಮಾತಾಡುವಂತೆ ಮಾಡುವ ವಿದ್ಯೆ ಇದು, ಪರೀಕ್ಷೆ ಮಾತ್ರ ಮೌನವ್ರತದಲ್ಲಿ. ರೂಟರ್ ಮಾಡುವ ಸಿಸ್ಕೋ ಕಂಪನಿಯ ಸಿಸಿಎನ್‌ಎ ಪರೀಕ್ಷೆ ಬರೆಯುವವರಿಗೆ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ದಾಟಿದ ಹಾಗೆ, ವಾಪಸ್ ಬರುವಂತಿಲ್ಲ. ಕೆಲಸದಲ್ಲಿ ಹಾಗಿಲ್ಲ ಅಲ್ವಾ? ತಪ್ಪು ಕಮಾಂಡ್ ಕೊಟ್ಟರೆ ಅದರ ಮುಂದೆ 'ನೋ' ಅಂತ ಸೇರಿಸಿ ಇನ್ನೊಮ್ಮೆ ಹೊಡೆದರೆ ಸಾಕು, ಕೊಟ್ಟದ್ದು ರದ್ದು. ಕಮಾಂಡ್ ಮರೆತರೆ ಪ್ರಶ್ನಾರ್ಥಕ ಚಿಹ್ನೆ ಒತ್ತಬೇಕು. ಮುಂದೆ ಏನೇನು ಬರಬಹುದು ಅಂತ ರೂಟರೇ ಪಟ್ಟಿ ಹಾಕಿ ಕೊಡುತ್ತದೆ. ಮನುಷ್ಯರಿಗೆ ಇಷ್ಟೆಲ್ಲ ನೆನಪಿರುವುದಿಲ್ಲ ಅಂತ ರೂಟರ್ ಮಾಡಿದವರಿಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಮಾಡುವವರೂ ಅವರೇ. ನಾಲ್ಕರಲ್ಲಿ ಒಂದನ್ನು ಆರಿಸಿ ಅನ್ನುವ ಪ್ರಶ್ನೆ ಬರೆಯಲು ಕೂತಾಗ ಮಾತ್ರ ಅದು ಮರೆತುಹೋಗುತ್ತದೆ.

ಹೀಗಿದ್ದಾಗ ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೋತ್ತರಗಳ ಕಂತೆ, ಮಾರುವವರ ಅಂಗಡಿ ತೆರೆಯದೆ ಇರುತ್ತದೆಯೇ? 'ನಿಜವಾದ ಪ್ರಶ್ನೆಗಳು, ಪಾಸ್ ಗ್ಯಾರಂಟಿ' ಅಂತ ಬೋರ್ಡು. ಕದ್ದ ಮಾಲಿಗೆ ಗ್ಯಾರಂಟಿ ಕೊಡುವ ವ್ಯಾಪಾರ ಇನ್ನೆಲ್ಲೂ ಇರಲಾರದು. ಕೊಂಡವರು ಪ್ರಶ್ನೆಯನ್ನೂ ಓದುವುದಿಲ್ಲ, ಉತ್ತರವನ್ನೂ ಓದುವುದಿಲ್ಲ. 'ಓಎಸ್‌ಪಿಎಫ್ ಅಂತ ಕಂಡರೆ ಸಿ' ಅಂತ ಗುರುತು ಇಟ್ಟುಕೊಳ್ಳುತ್ತಾರೆ. ಪರೀಕ್ಷೆಯವರು ಆಯ್ಕೆಗಳ ಸಾಲು ಅದಲು ಬದಲು ಮಾಡಿದರೆ ಮುಗಿಯಿತು ಕಥೆ. ಇನ್ನು ಡಂಪಿನ ಉತ್ತರವೇ ತಪ್ಪಿದ್ದರಂತೂ ಕೇಳಲೇ ಬೇಡಿ. ಊರಿಗೆ ಊರೇ ಒಂದೇ ತಪ್ಪನ್ನು ಬರೆದು ಬಂದಿರುತ್ತದೆ. ಇವರನ್ನು ಬೈಯುವುದು ಸುಲಭ. ನೆನಪನ್ನೇ ಅಳೆಯುವ ಕಡೆ ಜನ ನೆನಪನ್ನೇ ಕೊಂಡುಕೊಂಡು ಬಂದರು, ಅಷ್ಟೇ.

ಪಾಸಾಗಲು ಎಷ್ಟು ಅಂಕ ಬೇಕು? ಸಿಸ್ಕೋ ಅದನ್ನು ಪ್ರಕಟಿಸುವುದಿಲ್ಲ. ಓಡಬೇಕು, ಗೆರೆ ಎಲ್ಲಿದೆ ಅಂತ ಕೇಳಬಾರದು. ಕಾಂಪ್‌ಟಿಯಾ ಅನ್ನುವ ಇನ್ನೊಂದು ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಪರೀಕ್ಷೆ ಈ ವಿಷಯದಲ್ಲಿ ಉದಾರಿ, 720 ಬೇಕು ಅಂತ ನೇರವಾಗಿ ಹೇಳುತ್ತದೆ. ಆದರೆ ಎಷ್ಟಕ್ಕೆ ಅಂತ ಕೇಳಿದರೆ, 100ರಿಂದ 900ರ ಅಳತೆಯಲ್ಲಿ! ಸೊನ್ನೆ ಅನ್ನುವುದೇ ಇಲ್ಲ ಅಲ್ಲಿ. ಲೆಕ್ಕವನ್ನೆಲ್ಲ ಸೊನ್ನೆಯಿಂದ ಶುರುಮಾಡುವ ಕಂಪ್ಯೂಟರ್ ಮಂದಿ, ಮಾರ್ಕ್ಸ್ ಕೊಡುವಾಗ ಮಾತ್ರ ನೂರರಿಂದ ಶುರುಮಾಡುತ್ತಾರೆ.

ಇಷ್ಟೆಲ್ಲ ದಾಟಿ, ಸರ್ಟಿಫಿಕೇಟ್ ಹಿಡಿದು ಕೆಲಸ ಹುಡುಕಲು ಹೊರಟರೆ ಜಾಹೀರಾತು ಕಾಯುತ್ತಿರುತ್ತದೆ. 'ಆರಂಭಿಕ ಹಂತದ ಹುದ್ದೆ. ಚಾಲ್ತಿಯಲ್ಲಿರುವ ಸಿಸಿಎನ್‌ಎ ಕಡ್ಡಾಯ. ಕನಿಷ್ಠ 3 ವರ್ಷ ಅನುಭವ ಇರಬೇಕು.' ಆರಂಭಿಕ ಹುದ್ದೆಗೆ ಅನುಭವ ಎಲ್ಲಿಂದ ತರುವುದು ಅಂತ ಕೇಳಬೇಡಿ. ಅದೇನು ದೊಡ್ಡ ವಿಷಯವಲ್ಲ, ಎಲ್ಲೋ ಒಂದು ಕಡೆ ಕೇಬಲ್ ಎಳೆದುಕೊಂಡು, ಪ್ರಿಂಟರ್ ರಿಪೇರಿ ಮಾಡಿಕೊಂಡು ಮೂರು ವರ್ಷ ತಳ್ಳಬಹುದು. ತೊಂದರೆ ಬೇರೆ ಕಡೆ ಇದೆ. ಸಿಸಿಎನ್‌ಎಯ ಆಯಸ್ಸೂ 3 ವರ್ಷ. ಅನುಭವ ಕೈಗೆ ಬಂದ ದಿನವೇ ಸರ್ಟಿಫಿಕೇಟ್ ಕೈಬಿಡುತ್ತದೆ. ಆಲ್ ಪೀಪಲ್ ಸೀಮ್ ಟು ನೀಡ್ ಅಂತ ಮತ್ತೆ ಶುರುಮಾಡಬೇಕು, ಈ ಸಲ ಪ್ರಿಂಟರ್ ಪಕ್ಕದಲ್ಲಿ ಕೂತು.