‘ಮೊದಲು’ ಅಂದರೆ ಯಾರ ಲೆಕ್ಕದಲ್ಲಿ?

ಏಕದಿನ ಕ್ರಿಕೆಟ್‌ನಲ್ಲಿ ಮೊದಲ ದ್ವಿಶತಕ ಹೊಡೆದವರು ಯಾರು? ಒಂದು ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದಾಗ ನಾನು ಬೆಲಿಂಡಾ ಕ್ಲಾರ್ಕ್ ಅಂದೆ. ತಪ್ಪು ಅಂದರು. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು, ಅವರು ಸಚಿನ್ ಅಂದರು, ಅಂಕ ಅವರಿಗೆ ಸಿಕ್ಕಿತು. ವರ್ಷಗಳಾದವು, ಹೋದ ಅಂಕದ ಬಗ್ಗೆ ಬೇಸರ ಉಳಿದಿಲ್ಲ. ಆದರೆ ‘ತಪ್ಪು’ ಅಂದದ್ದು ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಉತ್ತರ ಸರಿಯಿತ್ತು.

ಗ್ವಾಲಿಯರ್‌ನಲ್ಲಿ ಸಚಿನ್ ಅಜೇಯ 200 ಹೊಡೆದದ್ದು 2010ರ ಫೆಬ್ರವರಿ 24ರಂದು. ಆ ಇನಿಂಗ್ಸ್ ಅಂದರೆ ನನಗೂ ಪ್ರಾಣ. ಆದರೆ ಅದಕ್ಕೂ 12 ವರ್ಷ ಹಿಂದೆ, 1997ರ ಡಿಸೆಂಬರ್ 16ರಂದು, ಮುಂಬೈಯಲ್ಲಿ ವಿಶ್ವಕಪ್ ಪಂದ್ಯವೊಂದರಲ್ಲಿ ಆಸ್ಟ್ರೇಲಿಯಾದ ನಾಯಕಿ ಬೆಲಿಂಡಾ ಕ್ಲಾರ್ಕ್ 155 ಎಸೆತಗಳಲ್ಲಿ ಅಜೇಯ 229 ಹೊಡೆದಾಗಿತ್ತು. ಎದುರಾಳಿ ಡೆನ್ಮಾರ್ಕ್, ಅದೇನು ಮಹಾ ತಂಡ ಅನ್ನುವವರಿದ್ದಾರೆ. ದಾಖಲೆ ಪುಸ್ತಕ ಎದುರಾಳಿಯ ಮುಖ ನೋಡಿ ರನ್ ಕಳೆಯುವುದಿಲ್ಲ. ಅದು ಅಧಿಕೃತ ಏಕದಿನ ಅಂತಾರಾಷ್ಟ್ರೀಯ ಪಂದ್ಯ, ಅಷ್ಟೇ ಸಾಕು.

ಕ್ರಿಕೆಟ್‌ನ ಮೊದಲ ವಿಶ್ವಕಪ್ 1975ರದ್ದು ಅಂತ ಎಷ್ಟು ಕಡೆ ಓದಿಲ್ಲ ನಾವು! ಹೆಂಗಸರು ಇಂಗ್ಲೆಂಡ್‌ನಲ್ಲಿ ವಿಶ್ವಕಪ್ ಆಡಿ ಮುಗಿಸಿದ್ದು 1973ರಲ್ಲಿ. ಮೊದಲ ಟಿ20 ಅಂತಾರಾಷ್ಟ್ರೀಯ ಪಂದ್ಯವೂ ಹಾಗೇ. 2004ರ ಆಗಸ್ಟ್ 5ರಂದು ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್‌ನ ಹೆಂಗಸರು ಅದನ್ನು ಆಡಿದರು. ಗಂಡಸರ ಸರದಿ ಬಂದದ್ದು 2005ರ ಫೆಬ್ರವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಹೆಂಗಸರ ಆಟಕ್ಕೆ ‘ಮಹಿಳಾ’ ಅನ್ನುವ ಪದವನ್ನು ನಾವು ಮರೆಯದೆ ಹಚ್ಚುತ್ತೇವೆ. ಗಂಡಸರ ಆಟವನ್ನು ಬರೀ ‘ಕ್ರಿಕೆಟ್’ ಅನ್ನುತ್ತೇವೆ. ‘ಮೊದಲು’ ಕೈ ಬದಲಾಗುವುದು ಅಲ್ಲಿಯೇ.

ಕ್ರಿಕೆಟ್‌ನಲ್ಲಿ ಕಡೇಪಕ್ಷ ಸ್ಕೋರು ಬರೆದಿಟ್ಟಿದ್ದರು. ಬಾಬಿ ಗಿಬ್‌ಗೆ ಆ ಭಾಗ್ಯವೂ ಇರಲಿಲ್ಲ. 1966ರಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಆಕೆ ಅರ್ಜಿ ಹಾಕಿದರೆ, ಅಷ್ಟು ದೂರ ಓಡುವ ಶಕ್ತಿ ಹೆಂಗಸರ ದೇಹಕ್ಕಿಲ್ಲ ಅಂತ ಉತ್ತರ ಬಂತು. ಆಕೆ ಅಣ್ಣತಮ್ಮಂದಿರ ಚಡ್ಡಿ ತೊಟ್ಟು, ಓಟ ಶುರುವಾಗುವ ಜಾಗದ ಹತ್ತಿರ ಪೊದೆಯಲ್ಲಿ ಅಡಗಿ ಕುಳಿತು, ಓಟಗಾರರ ಗುಂಪಿನೊಳಗೆ ಸೇರಿಕೊಂಡರು. 3 ಗಂಟೆ 21 ನಿಮಿಷ 40 ಸೆಕೆಂಡಿನಲ್ಲಿ ಓಟ ಮುಗಿಸಿದರು. ಎದೆಯ ಮೇಲೆ ನಂಬರ್ ಇಲ್ಲ, ಆದ್ದರಿಂದ ಫಲಿತಾಂಶದಲ್ಲಿ ಹೆಸರೂ ಇಲ್ಲ. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ 261 ನಂಬರ್ ಧರಿಸಿ ಓಡಿದಾಗ ಅಧಿಕಾರಿಯೊಬ್ಬರು ಅದನ್ನು ಕಿತ್ತುಕೊಳ್ಳಲು ಹೋದ ಫೋಟೋ ಜಗತ್ತೆಲ್ಲ ಹಬ್ಬಿತು. ಸ್ವಿಟ್ಜರ್ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಅದೇ ದಿನ ಅದೇ ರಸ್ತೆಯಲ್ಲಿ ಗಿಬ್ ಮತ್ತೆ ಓಡಿ, ಸುಮಾರು ಒಂದು ಗಂಟೆ ಮುಂಚೆ ಗುರಿ ಮುಟ್ಟಿದ್ದರು. ಅವರ ಗೆಲುವನ್ನು ಸಂಘಟಕರು ಒಪ್ಪಿಕೊಂಡದ್ದು 1996ರಲ್ಲಿ. 30 ವರ್ಷ!

ಆವಿಷ್ಕಾರಗಳ ಪಟ್ಟಿಯಲ್ಲಿ ಮೊದಲ ಕಾರಿನ ಎದುರು ಕಾರ್ಲ್ ಬೆಂಜ್, 1886 ಅಂತಿರುತ್ತದೆ. ಪೇಟೆಂಟ್ ಅವರದೇ, ತಕರಾರಿಲ್ಲ. ಆದರೆ ಆ ಗಾಡಿಯಲ್ಲಿ ಊರಿಂದೂರಿಗೆ ಹೋಗಬಹುದು ಅಂತ ತೋರಿಸಿದವರು ಹೆಂಡತಿ ಬರ್ಥಾ. ಮದುವೆಗೂ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಆತನ ಕಾರ್ಖಾನೆಗೆ ಸುರಿದಾಕೆ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ 100 ಕಿಲೋಮೀಟರಿಗೂ ಹೆಚ್ಚು ದೂರ ಹೊರಟೇಬಿಟ್ಟರು. ಇಂಧನ ಮುಗಿದಾಗ ವೀಸ್ಲೋಕ್‌ನ ಔಷಧಿ ಅಂಗಡಿಯಲ್ಲಿ ಕೊಂಡರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವರಿಂದ ಚರ್ಮ ಹೊಡೆಸಿದರು. ಏರು ಬಂದಲ್ಲಿ ಗಾಡಿ ತಳ್ಳಬೇಕಾಯಿತು, ಅದಕ್ಕೇ ಇನ್ನೊಂದು ಗೇರ್ ಬೇಕು ಅಂತ ವಾಪಸ್ ಬಂದು ಹೇಳಿದರು. ಅವರನ್ನು ‘ಮೊದಲ ಮಹಿಳಾ ಚಾಲಕಿ’ ಅಂದಾಗ ನನಗೆ ಸಿಟ್ಟು ಬರುತ್ತದೆ. ಅಷ್ಟು ದೂರ ಕಾರು ಓಡಿಸಿದ ಮೊದಲ ಮನುಷ್ಯ ಆಕೆ.

  

ನನ್ನ ಈ ವಾದವನ್ನೆಲ್ಲ ಕೇಳಿದ್ದರೆ ಜುಂಕೋ ತಾಬೆ ಏನನ್ನುತ್ತಿದ್ದರೋ. 1975ರಲ್ಲಿ ಹಿಮಕುಸಿತದಡಿ ಸಿಕ್ಕಿ ಪ್ರಜ್ಞೆ ತಪ್ಪಿ, 12 ದಿನಗಳ ನಂತರ ಮೇ 16ರಂದು ಎವರೆಸ್ಟ್ ತುದಿ ಮುಟ್ಟಿದವರು. ‘ಮೊದಲ ಮಹಿಳೆ’ ಅನ್ನಿಸಿಕೊಳ್ಳುವುದಕ್ಕಿಂತ ಎವರೆಸ್ಟ್ ಏರಿದ 36ನೇ ವ್ಯಕ್ತಿ ಅನ್ನಿಸಿಕೊಳ್ಳುವುದೇ ಅವರಿಗೆ ಇಷ್ಟವಾಗಿತ್ತು. ಹೆಂಗಸರಿಗೊಂದು, ಗಂಡಸರಿಗೊಂದು ಪಟ್ಟಿ ಬೇಡ, ಒಂದೇ ಸಾಲಿನಲ್ಲಿ ಎಣಿಸಿ ಅಂದಂತೆ ನನಗೆ ಅದು ಕೇಳಿಸುತ್ತದೆ. ಸರಿ, ಹಾಗೇ ಎಣಿಸೋಣ. ಆ ಸಾಲಿನಲ್ಲಿ ತಾಬೆ 36ನೆಯವರು. ದ್ವಿಶತಕದ ಸಾಲಿನಲ್ಲಿ ಬೆಲಿಂಡಾ ಕ್ಲಾರ್ಕ್ ಮೊದಲನೆಯವರು.