ಎಂಟಕ್ಕೆ ಎಂಟು ಕೂಡಿದರೆ ಎಂಟೇ

ಇವತ್ತು ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಿಗೆ ಒಂದು ಎಚ್‌ಡಿಎಂಐ ಕೇಬಲ್ ತರೋಣ ಅಂತ ಹೋಗಿದ್ದೆ. ಕೇಬಲ್ ಬರಲಿಲ್ಲ, ತಲೆನೋವು ಬಂತು. ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಅಂಗಡಿ ಹೆಸರು ಬೇಡ. ಆ ರೋಡಿನಲ್ಲಿ ಒಳ್ಳೆಯವರೂ ಇದ್ದಾರೆ, ನನ್ನ ಸಂಬಳದ ದೊಡ್ಡ ಪಾಲು ಅವರಿಗೇ ಹೋಗಿದೆ ಅಂತ ನಿಮಗೆಲ್ಲ ಗೊತ್ತು. ಕೌಂಟರ್ ಹತ್ತಿರ ನನ್ನ ಪಕ್ಕ ಒಬ್ಬ ಹುಡುಗ ನಿಂತಿದ್ದ, ಪಿಯುಸಿ ಮುಗಿಸಿದ ವಯಸ್ಸು, ಜೊತೆಗೆ ಅವರಪ್ಪ. ಹುಡುಗನ ಹತ್ತಿರ ಜಿಟಿಎಕ್ಸ್ 1080 ಇದೆ, ಅಂದರೆ ಗೇಮ್‌ನ ಚಿತ್ರ ಬಿಡಿಸುವ ಎನ್ವಿಡಿಯಾ ಕಂಪನಿಯ ಹಳೆಯ ಗ್ರಾಫಿಕ್ಸ್ ಕಾರ್ಡು, ಅಣ್ಣನ ಕಡೆಯಿಂದ ಬಂದದ್ದು. ಹೊಸ ಗೇಮ್‌ಗಳು ಸರಿಯಾಗಿ ಓಡುತ್ತಿಲ್ಲ, ಅಪ್‌ಗ್ರೇಡ್ ಬೇಕು. ಅಂಗಡಿಯವನು ಒಳಗೆ ಹೋಗಿ ಇನ್ನೊಂದು ಜಿಟಿಎಕ್ಸ್ 1080 ತಂದು ಗಾಜಿನ ಮೇಲೆ ಇಟ್ಟ. ಪಕ್ಕದಲ್ಲಿ ಎರಡನ್ನೂ ಜೋಡಿಸುವ ಒಂದು ಬ್ರಿಡ್ಜ್. "ನಿಮ್ಮದು 8 ಜಿಬಿ ಮೆಮೊರಿ, ಇದು 8 ಜಿಬಿ, 16 ಜಿಬಿ ಆಯ್ತು. ಹೊಸ 16 ಜಿಬಿ ಕಾರ್ಡಿನ ರೇಟ್ ಗೊತ್ತಲ್ಲ? ಒಂಟೆತ್ತಿಗಿಂತ ಜೋಡೆತ್ತು ವಾಸಿ ಅಲ್ವಾ ಸಾರ್?" ಅಂದ. ಜೋಡೆತ್ತು ಅಂದ ತಕ್ಷಣ ಅಪ್ಪನ ಮುಖ ಅರಳಿತು, ಕೈ ಜೇಬಿಗೆ ಹೋಯಿತು.

ನನ್ನ ಪಿತ್ತ ನೆತ್ತಿಗೇರಿತು.

ಇದು 2016ರಲ್ಲಿ ಹೇಳಿದ್ದರೆ ಅರ್ಧ ಸುಳ್ಳು ಅನ್ನಬಹುದಿತ್ತು. ಈಗ ಪೂರ್ತಿ ಸುಳ್ಳು. ಗೇಮ್ ವಿಷಯದಲ್ಲಿ 8 ಮತ್ತು 8 ಸೇರಿದರೆ 16 ಆಗಲ್ಲ. 8 ಆಗುತ್ತೆ. ಎರಡು ಕಾರ್ಡು ಜೋಡಿಸುವ ಎನ್ವಿಡಿಯಾದ ಎಸ್‌ಎಲ್‌ಐ ಅನ್ನುವ ವ್ಯವಸ್ಥೆಯಲ್ಲಿ ಮಾಮೂಲಿ ವಿಧಾನ ಹೇಗಂದರೆ, ಒಂದು ಫ್ರೇಮ್ (ಪರದೆಯ ಒಂದು ಚಿತ್ರ) ಮೊದಲ ಕಾರ್ಡು ಬಿಡಿಸುತ್ತದೆ, ಮುಂದಿನ ಫ್ರೇಮ್ ಎರಡನೆಯದು, ಮತ್ತೆ ಮೊದಲಿನದು. ಅಂದಮೇಲೆ ಆ ದೃಶ್ಯದ ಗೋಡೆ, ಮರ, ಮುಖ, ನೆರಳು ಎಲ್ಲವೂ ಎರಡೂ ಕಾರ್ಡಿನ ಮೆಮೊರಿಯಲ್ಲಿ ಇರಲೇಬೇಕು. ಅದೇ ಸಾಮಾನು ಎರಡು ಕಡೆ. ಜಾಗ ಎಲ್ಲಿ ಜಾಸ್ತಿ ಆಯ್ತು? ಜೋಡೆತ್ತಾದರೆ ಒಂದೇ ನೊಗಕ್ಕೆ ಒಟ್ಟಿಗೆ ಹೆಗಲು ಕೊಡುತ್ತವೆ. ಇಲ್ಲಿ ಒಂದು ನಡೆದಾಗ ಇನ್ನೊಂದು ಎತ್ತ ಹೊರಟಿದೆ ಅಂತ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ನೋಡಿಕೊಳ್ಳಬೇಕು, ಆ ಡ್ರೈವರ್ ಕೆಲಸ ಬಿಟ್ಟು ಹೋಗಿ ವರ್ಷಗಳಾದವು.

ಡ್ರೈವರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಕಾರ್ಡು. ಕೈಗೆ ತಗೊಂಡು ನೋಡಿದೆ. ಚಿಪ್ ಹಿಂದಿನ ಸ್ಕ್ರೂ ಮೇಲೆ ಇರಬೇಕಾದ ಸಣ್ಣ ಸ್ಟಿಕರ್ ಹರಿದಿತ್ತು, ಅಂದರೆ ಯಾರೋ ಬಿಚ್ಚಿದ್ದಾರೆ. ಹಿಂಬದಿ ಪ್ಲೇಟಿನ ಅಂಚಿನಲ್ಲಿ ಥರ್ಮಲ್ ಪ್ಯಾಡಿನ ಎಣ್ಣೆ ಜಿನುಗಿ ಧೂಳು ಅಂಟಿಕೊಂಡಿತ್ತು. ಫ್ಯಾನನ್ನು ಬೆರಳಲ್ಲಿ ತಿರುಗಿಸಿದರೆ ಕಿರ್ ಅನ್ನುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ಹಣದವರು ಕಾರ್ಡಿನಲ್ಲಿ ಮೈನಿಂಗ್ (ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು) ಮಾಡುವ ಪದ್ಧತಿಯನ್ನೇ ಬಿಟ್ಟ ಮೇಲೆ ಹಗಲೂ ರಾತ್ರಿ ಬೆಂದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಇದು ಅಲ್ಲಿಂದ ಬಂದದ್ದೋ ಯಾವುದಾದರೂ ಗೇಮಿಂಗ್ ಕೆಫೆಯಿಂದ ಬಂದದ್ದೋ, "ಡಾಕ್ಟರ್ ಒಬ್ಬರು ಯೂಸ್ ಮಾಡಿದ್ದು ಸಾರ್" ಅಂದ. ಈ ಡಾಕ್ಟರ್ ಯಾರು ಅಂತ ನನಗೆ ಬಹಳ ದಿನದಿಂದ ಕುತೂಹಲ. ಸೆಕೆಂಡ್ ಹ್ಯಾಂಡ್ ಕಾರು, ಬೈಕು, ಲ್ಯಾಪ್‌ಟಾಪ್ ಎಲ್ಲ ಅವರದ್ದೇ.

ಹುಡುಗನನ್ನು ಕೇಳಿದೆ, ಮದರ್‌ಬೋರ್ಡ್ ಯಾವುದಪ್ಪ? ಮೊಬೈಲಲ್ಲಿ ಫೋಟೋ ಇತ್ತು. ಬಿ450. ಮುಗೀತು ಕಥೆ! ಬಿ450ಗೆ ಎಸ್‌ಎಲ್‌ಐ ಇಲ್ಲವೇ ಇಲ್ಲ. ಉದ್ದನೆಯ ಸ್ಲಾಟ್ ಎರಡು ಇವೆ, ನೋಡಲಿಕ್ಕೆ ಒಂದೇ ಥರ. ಆದರೆ ಎರಡನೆಯದರ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ತಾಮ್ರದ ಪಿನ್ನುಗಳು ಶುರುವಿನಲ್ಲಿ ಸ್ವಲ್ಪ ದೂರ ಇರುತ್ತವೆ, ಆಮೇಲೆ ಬರೀ ಖಾಲಿ ಪ್ಲಾಸ್ಟಿಕ್. ಡೇಟಾ ಓಡಾಡುವ ದಾರಿಗೆ ಲೇನ್ ಅನ್ನುತ್ತಾರೆ. 16 ಲೇನಿನ ಮೈ, 4 ಲೇನಿನ ಜೀವ. ಬ್ರಿಡ್ಜ್ ಹಾಕಿದರೂ ಅದು ಅಲಂಕಾರ ಅಷ್ಟೇ. ಇದನ್ನು ಹೇಳಿದರೆ ಅಂಗಡಿಯವನು ಒಂದು ಕ್ಷಣವೂ ತಡಬಡಾಯಿಸಲಿಲ್ಲ. "ಬೋರ್ಡೂ ಚೇಂಜ್ ಮಾಡಿಕೊಡ್ತೀನಿ ಸಾರ್!" ಆತ್ಮವಿಶ್ವಾಸ ಅಂದರೆ ಇದು. ನಮ್ಮ ಕಂಪನಿಯ ಸೇಲ್ಸ್ ಟೀಮಿಗೆ ಇದರಲ್ಲಿ ಕಾಲುಭಾಗ ಇದ್ದಿದ್ದರೆ ಈ ವರ್ಷ ಬೋನಸ್ ಬರುತ್ತಿತ್ತು.

ಸರಿ, ಬೋರ್ಡು ಬದಲಾಯಿಸಿದ ಅಂತಲೇ ಇಟ್ಟುಕೊಳ್ಳಿ. ಜಿಟಿಎಕ್ಸ್ 1080 ಒಂದಕ್ಕೆ 180 ವಾಟ್. ಎರಡಕ್ಕೆ 360. ನಮ್ಮ ಬಹಳಷ್ಟು ಮನೆಗಳಲ್ಲಿ ಪಿಸಿ ಪಕ್ಕ ಕೂತಿರುವ 600 ವಿಎ ಯುಪಿಎಸ್ ಕೊಡುವುದೇ ಸುಮಾರು 360 ವಾಟ್. ಅಂದರೆ ಕಾರ್ಡುಗಳೆರಡೇ ಅದನ್ನು ಪೂರ್ತಿ ನುಂಗುತ್ತವೆ, ಪ್ರೊಸೆಸರ್, ಮಾನಿಟರ್ ಎಲ್ಲ ಗಾಳಿ ಕುಡಿದು ಬದುಕಬೇಕು. ಸಂಜೆ ಕರೆಂಟ್ ಹೋದ ತಕ್ಷಣ ಯುಪಿಎಸ್ ಒಂದು ಸಲ ಕಿರುಚಿ ಎಲ್ಲವನ್ನೂ ಮಲಗಿಸುತ್ತದೆ. ಹುಡುಗನ ಎಸ್‌ಎಂಪಿಎಸ್, ಅಂದರೆ ಪಿಸಿಯೊಳಗೆ ಕರೆಂಟ್ ಹಂಚುವ ಡಬ್ಬ, 450 ವಾಟ್. ಅದನ್ನೂ ಬದಲಾಯಿಸಬೇಕು. ಎರಡು ದಪ್ಪ ಕಾರ್ಡು ಒಂದರ ಮೇಲೊಂದು ಕೂತರೆ ಮೇಲಿನದು ಕೆಳಗಿನದರ ಬಿಸಿ ಉಸಿರನ್ನೇ ಎಳೆದುಕೊಳ್ಳುತ್ತದೆ, ಅದಕ್ಕೆ ಕ್ಯಾಬಿನೆಟ್ಟೂ ದೊಡ್ಡದಾಗಬೇಕು. ಚೀಪ್ ಅಂತ ಶುರುವಾದ ಬಿಲ್ಲು ಈಗ ಎಷ್ಟಾಯ್ತು? ಇಷ್ಟೆಲ್ಲ ಸುರಿದ ಮೇಲೂ ಎಂಟಕ್ಕೆ ಎಂಟು ಕೂಡಿದರೆ ಎಂಟೇ.

ಈಗ ಡ್ರೈವರ್. 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್, ಅಂದರೆ ಯಾವ ಗೇಮ್‌ನಲ್ಲಿ ಕೆಲಸ ಹೇಗೆ ಹಂಚಬೇಕು ಅನ್ನುವ ಸೂಚನೆ, ಸೇರಿಸುವುದಿಲ್ಲ ಅಂತ ಎನ್ವಿಡಿಯಾನೇ ಹೇಳಿಬಿಟ್ಟಿತು. ಪ್ರೊಫೈಲ್ ಇಲ್ಲದಿದ್ದರೆ, ಗೇಮ್ ಮಾಡಿದವರೇ ಎರಡು ಕಾರ್ಡಿಗೆ ಕೆಲಸ ಹಂಚುವ ಕೋಡ್ ಬರೆದಿರಬೇಕು. ವಿಂಡೋಸ್ ಗೇಮ್‌ಗಳು ಕಾರ್ಡಿನ ಜೊತೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12 ಬಂದಾಗ ಎಲ್ಲರೂ ಹಾಗೆ ಬರೆಯುತ್ತಾರೆ ಅಂತ ದೊಡ್ಡ ಆಸೆ ಇತ್ತು. ಬೆರಳೆಣಿಕೆಯ ಗೇಮ್‌ಗಳಲ್ಲಿ ಬಂತು, ಅಲ್ಲಿಗೆ ನಿಂತಿತು. ಎರಡು ಕಾರ್ಡು ಇರುವ ನಾಲ್ಕು ಜನಕ್ಕಾಗಿ ಯಾರು ತಿಂಗಳುಗಟ್ಟಲೆ ಕೂತು ಕೋಡ್ ಬರೆಯುತ್ತಾರೆ ಹೇಳಿ. ಉಳಿದ ಗೇಮ್‌ಗಳಲ್ಲಿ ಎರಡನೇ ಕಾರ್ಡು ಸುಮ್ನೆ ಲೈಟ್ ಹಾಕಿಕೊಂಡು ಕೂತಿರುತ್ತದೆ.

ತಯಾರಕರು ಎಷ್ಟು ಹಿಂದೆಯೇ ಜಾಗ ಖಾಲಿ ಮಾಡಿದರು ನೋಡಿ. 2016ರಲ್ಲಿ ಜಿಟಿಎಕ್ಸ್ 1060 ಬಂದಾಗಲೇ ಅದರಲ್ಲಿ ಎಸ್‌ಎಲ್‌ಐ ತೆಗೆದರು. ಅಂದರೆ ಎರಡು ಕಾರ್ಡಿನ ಯೋಚನೆ ನಿಜವಾಗಿ ಬೇಕಿದ್ದ ಮಧ್ಯಮ ಬಜೆಟ್ಟಿನವರಿಗೇ ಬಾಗಿಲು ಹಾಕಿದರು. 2020ರ ಸರಣಿಯಲ್ಲಿ ಜೋಡಿಸುವ ಕನೆಕ್ಟರ್ ಉಳಿದದ್ದು ಆರ್‌ಟಿಎಕ್ಸ್ 3090ರಲ್ಲಿ ಮಾತ್ರ. 2022ರ 4090ರಲ್ಲಿ ಅದೂ ಇಲ್ಲ. ಇನ್ನೊಂದು ಕಾರ್ಡು ಕಂಪನಿ ಎಎಂಡಿ 2017ರ ಹೊತ್ತಿಗೆ ತನ್ನ ಜೋಡಿ ವ್ಯವಸ್ಥೆಯ ಕ್ರಾಸ್‌ಫೈರ್ ಅನ್ನುವ ಹೆಸರು ಹೇಳುವುದನ್ನೇ ಬಿಡತೊಡಗಿತು. ಮಾಡಿದವರೇ ಎಳ್ಳುನೀರು ಬಿಟ್ಟ ಮೇಲೆ ಎಸ್.ಪಿ. ರೋಡಿನಲ್ಲಿ ಇವರು ಇನ್ನೂ ಅದಕ್ಕೆ ನಾಮಕರಣ ಮಾಡುತ್ತಿದ್ದಾರೆ.

ಇಷ್ಟೂ ಸಾಲದು ಅಂದರೆ ಇನ್ನೂ ಇದೆ. ಜಿಟಿಎಕ್ಸ್ 1080ರ ಪೀಳಿಗೆಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಬಿಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಅಷ್ಟೇ. ಮತ್ತೆ 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಥರದ ಗೇಮ್‌ಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ) ಹಾರ್ಡ್‌ವೇರ್ ಕಡ್ಡಾಯ. 1080ರಲ್ಲಿ ಅದಿಲ್ಲ. ಎರಡು ಹಾಕಿ, ಹತ್ತು ಹಾಕಿ, ಗೇಮ್ ಶುರುವೇ ಆಗಲ್ಲ. ಹುಡುಗ ಹೆಸರು ಹೇಳಿ ಕೇಳಿದ ಗೇಮ್‌ಗಳಲ್ಲಿ ಅದೂ ಒಂದು. ಅಂಗಡಿಯವನು "ಮಕ್ಖನ್ ಥರ ಓಡುತ್ತೆ" ಅಂದಿದ್ದ!

"ಹಿಂದೆ ಚೆನ್ನಾಗಿ ಓಡ್ತಿತ್ತಲ್ಲ ಗುರು" ಅಂತ ಕೆಲವರು ಬರುತ್ತೀರಿ, ಗೊತ್ತು. ಓಡುತ್ತಿತ್ತು. 1998ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳನ್ನು ಜೋಡಿಸಿದರೆ ಒಂದು ಗೆರೆ ಇದು, ಒಂದು ಗೆರೆ ಅದು ಅಂತ ಹಂಚಿಕೊಂಡು ಬಿಡಿಸುತ್ತಿದ್ದವು, ನಿಜಕ್ಕೂ ಸೊಗಸು. ರೆಸಲ್ಯೂಶನ್ 800x600 ಇದ್ದದ್ದು 1024x768ಕ್ಕೆ ಏರುತ್ತಿತ್ತು. ಆ ಕಂಪನಿಯ ಆಸ್ತಿಯನ್ನು ಕೊಂಡ ಎನ್ವಿಡಿಯಾ 2004ರಲ್ಲಿ ಎಸ್‌ಎಲ್‌ಐ ಅನ್ನುವ ಅದೇ ಮೂರಕ್ಷರ ಇಟ್ಟುಕೊಂಡು ಬೇರೆ ಥರ ಶುರು ಮಾಡಿತು, ಮರುವರ್ಷ, ಆಮೇಲೆ ಎಎಂಡಿ ಪಾಲಾದ ಎಟಿಐ ಕ್ರಾಸ್‌ಫೈರ್ ತಂತು. 2016ರಲ್ಲಿ ತೈಪೆಯ ಕಂಪ್ಯೂಟೆಕ್ಸ್‌ನಲ್ಲಿ ಎಎಂಡಿಯವರು ಎರಡು ಆರ್‌ಎಕ್ಸ್ 480 ಸೇರಿಸಿ ಒಂದು ಜಿಟಿಎಕ್ಸ್ 1080ನ್ನು ಹಿಂದೆ ಹಾಕಿ ತೋರಿಸಿದಾಗ ನಾನೂ ಕುಣಿದಾಡಿದ್ದೆ. ಒಂದು ಗೇಮ್‌ನಲ್ಲಿ. ಅವರೇ ಆರಿಸಿಕೊಂಡ ಗೇಮ್‌ನಲ್ಲಿ.

ಆ ಒಳ್ಳೆಯ ಕಾಲದಲ್ಲೂ ನಂಬರ್ ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ಮೂಲೆಯಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಅಂತ ಇರುತ್ತದೆ, ಆದರೂ ಆಟ ಜರ್ಕ್ ಹೊಡೆದಂತೆ ಕಾಣುತ್ತದೆ. ಯಾಕೆ? ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ ಬರುತ್ತದೆ, ಮುಂದಿನದು 28ಕ್ಕೆ, ಮತ್ತೆ 5, ಮತ್ತೆ 28 ಅಂತಿಟ್ಟುಕೊಳ್ಳಿ. 33 ಮಿಲಿಸೆಕೆಂಡಿಗೆ ಎರಡು ಫ್ರೇಮ್, ಲೆಕ್ಕಕ್ಕೆ 60 ಸರಿ. ಕಣ್ಣಿಗೆ ಸಿಕ್ಕುವುದು ಆ 28ರ ಕಾಯುವಿಕೆ, ಅಂದರೆ ಹೆಚ್ಚುಕಡಿಮೆ 35 ಎಫ್‌ಪಿಎಸ್‌ನ ಅನುಭವ. ಸರಿಯಾಗಿ 16.7ಕ್ಕೊಂದು ಬಂದಿದ್ದರೆ ಬೆಣ್ಣೆ ಇರುತ್ತಿತ್ತು. ಇದಕ್ಕೆ ಮೈಕ್ರೋಸ್ಟಟರ್ ಅನ್ನುತ್ತಾರೆ. 2011ರಿಂದ 2013ರ ನಡುವೆ ವಿಮರ್ಶಕರು ಸರಾಸರಿ ನಂಬರ್ ಬಿಟ್ಟು ಒಂದೊಂದೇ ಫ್ರೇಮಿನ ಸಮಯ ಅಳೆಯಲು ಶುರು ಮಾಡಿದ ಮೇಲೆ ಈ ಬಣ್ಣ ಬಯಲಾಯಿತು. ಎಎಂಡಿ ಡ್ರೈವರ್ ತಿದ್ದಿತು, ಸ್ವಲ್ಪ ಸುಧಾರಿಸಿತು.

ಈಗಿನ ಗೇಮ್‌ಗಳಲ್ಲಂತೂ ಅದಕ್ಕೂ ದಾರಿಯಿಲ್ಲ. ಅಂಚು ನಯ ಮಾಡಲಿಕ್ಕೆ, ಸಣ್ಣ ಚಿತ್ರವನ್ನು ದೊಡ್ಡದು ಮಾಡಲಿಕ್ಕೆ ಎಲ್ಲದಕ್ಕೂ ಹಿಂದಿನ ಫ್ರೇಮ್ ಬೇಕು. ಹಿಂದಿನ ಫ್ರೇಮ್ ಇರುವುದು ಇನ್ನೊಂದು ಕಾರ್ಡಿನಲ್ಲಿ. ಅದು ಬರುವವರೆಗೆ ಇದು ಕಾಯಬೇಕು. ಹೀಗೆ ಕಾಯುತ್ತಾ ಕೂರಲಿಕ್ಕೆ ಎರಡನೇ ಕಾರ್ಡು ಯಾಕೆ?

ಒಂದು ವಿಷಯ ಹೇಳಿಬಿಡುತ್ತೇನೆ, ನಗಬೇಡಿ. ನನಗೆ ಎರಡು ಕಾರ್ಡಿನ ಕ್ಯಾಬಿನೆಟ್ ನೋಡೋದು ಅಂದರೆ ಈಗಲೂ ಪ್ರಾಣ. 2014ರಲ್ಲಿ ಎಎಂಡಿ ಒಂದೇ ಕಾರ್ಡಿನಲ್ಲಿ ಎರಡು ಚಿಪ್ ತುರುಕಿ ನೀರಿನ ಕೂಲರ್ ಅಂಟಿಸಿದ ಆರ್9 295ಎಕ್ಸ್2 ಬಿಟ್ಟಿತ್ತು, 500 ವಾಟ್, 1499 ಡಾಲರ್. ಅದರ ಫೋಟೋ ನನ್ನ ವಾಲ್‌ಪೇಪರ್ ಆಗಿತ್ತು. ಇನ್ನೂ ನಿಜ ಹೇಳಬೇಕೆಂದರೆ ನಾನು ಗೇಮ್ ಆಡುವುದೇ ಕಡಿಮೆ. ಸೆಟ್ಟಿಂಗ್ಸ್ ತೆರೆದು ನೆರಳು ಹೈ ಮಾಡುತ್ತೇನೆ, ಅಲ್ಟ್ರಾ ಮಾಡುತ್ತೇನೆ, ಮೂಲೆಯ ನಂಬರ್ ನೋಡುತ್ತೇನೆ, ಮತ್ತೆ ಹೈ ಮಾಡುತ್ತೇನೆ, ಮಲಗುತ್ತೇನೆ. "ಅದೇ ಗೋಡೆ ಎಷ್ಟು ಹೊತ್ತು ನೋಡ್ತೀರಿ" ಅಂತ ಹೆಂಡತಿ ಕೇಳಿದ್ದಾಳೆ, ಉತ್ತರ ಇಲ್ಲ. ಹಾಗಾಗಿ ಎರಡು ಕಾರ್ಡಿನ ಮೇಲೆ ದ್ವೇಷ ಇರುವವನ ಮಾತು ಇದು ಅಂತ ಯಾರೂ ಅಂದುಕೊಳ್ಳಬೇಡಿ. ದ್ವೇಷ ಇರುವುದು ಆ ಕೂಡುವ ಲೆಕ್ಕದ ಮೇಲೆ.

ಇನ್ನೊಂದು ಗುಂಪು ಬರುತ್ತದೆ, ಲಾಸ್‌ಲೆಸ್ ಸ್ಕೇಲಿಂಗ್ ಅನ್ನುವ ಸಾಫ್ಟ್‌ವೇರ್ ಹಿಡಿದುಕೊಂಡು. ಒಪ್ಪಿದೆ, ಅದರಲ್ಲಿ ಎರಡನೇ ಕಾರ್ಡಿಗೆ ನಿಜವಾದ ಕೆಲಸ ಇದೆ. ಗೇಮ್ ಒಂದು ಕಾರ್ಡಿನಲ್ಲಿ ಓಡುತ್ತದೆ, ಹಳೆಯ ಕಾರ್ಡು ನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುತ್ತದೆ. ಮಜಾ ಇದೆ. ಆದರೆ ತುಂಬಿದ್ದು ಊಹೆಯ ಫ್ರೇಮ್, ಮೌಸ್ ಒತ್ತಿದ್ದಕ್ಕೆ ಉತ್ತರ ಅದರಿಂದ ಬೇಗ ಬರಲ್ಲ. ಮೂಲ ಗೇಮ್ 25ರಲ್ಲಿ ತೆವಳುತ್ತಿದ್ದರೆ ಊಹೆ ಮಾಡಿ ಏನು ಪ್ರಯೋಜನ? ಅದು ಚೆನ್ನಾಗಿರುವ ಹೊಸ ಕಾರ್ಡು ಕೊಂಡ ಮೇಲೆ ಮೂಲೆಯಲ್ಲಿ ಬಿದ್ದಿರುವ ಹಳೆಯದನ್ನು ಬಳಸುವ ದಾರಿ. ಹೊಸ ಕಾರ್ಡಿನ ಬದಲಿಗೆ ಅಲ್ಲ.

ಬ್ಲೆಂಡರ್ ಮಾಡುವವರು, ಮನೆಯಲ್ಲೇ ಎಐ ಮಾಡೆಲ್ ಓಡಿಸುವವರು ಸಿಟ್ಟಾಗಬೇಡಿ. ಎರಡು 3090 ಇಟ್ಟು ಒಂದು ದೊಡ್ಡ ಮಾಡೆಲನ್ನು 24 ಮತ್ತು 24 ಜಿಬಿಗೆ ಹಂಚಿ ಹಾಕಬಹುದು, ಅಲ್ಲಿ ಕೂಡುವ ಲೆಕ್ಕ ನಡೆಯುತ್ತದೆ. ಆ ಹುಡುಗ ಕೇಳಿದ್ದು ಗೇಮ್.

ಹಾಗಾದರೆ ಆ ದುಡ್ಡಿಗೆ ಏನು ಮಾಡಬೇಕು? ಹಳೆಯ 1080 ಮಾರಿ. ಎರಡನೇ ಕಾರ್ಡು, ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ ಅಂತ ಹೋಗಬೇಕಿದ್ದ ದುಡ್ಡು ಅದಕ್ಕೆ ಸೇರಿಸಿ. ಒಂದೇ ಕಾರ್ಡು ತಗೊಳ್ಳಿ. ಆರ್‌ಟಿಎಕ್ಸ್ 5060 ಟಿಐನ 16 ಜಿಬಿ ಮಾಡೆಲ್ 180 ವಾಟ್, ಅಂದರೆ ಒಂದೇ ಒಂದು 1080 ತಿನ್ನುವಷ್ಟು, ಮತ್ತೆ ಅದರ 16 ನಿಜವಾದ 16. ಆದರೆ ಅದು 8 ಲೇನ್ ಮಾತ್ರ ಬಳಸುತ್ತದೆ, ಬಿ450ರ ಹಳೆಯ ಪಿಸಿಐಇ 3 ಸ್ಲಾಟಿನಲ್ಲಿ ಸ್ವಲ್ಪ ಕಟ್ಟಿಹಾಕಿದಂತಾಗುತ್ತದೆ. ಹಾಗಾಗಿ ಅಂಥ ಬೋರ್ಡಿಗೆ ನಾನಾದರೆ 16 ಲೇನ್ ಇರುವ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಹಾಕುತ್ತೇನೆ, ಅದು ಇನ್ನೂ ಕಡಿಮೆ, 160 ವಾಟ್. ಮೆಮೊರಿ ಚಿಪ್ಪಿನ ರೇಟ್ ಏರಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಕೈಗೆಟುಕುತ್ತಿಲ್ಲ ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ಇದೆ. ರೇ ಟ್ರೇಸಿಂಗ್ ಇದೆ, ಸಣ್ಣ ಚಿತ್ರವನ್ನು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್ ಇದೆ, 170 ವಾಟ್. ಸ್ಕ್ರೂ ಮೇಲಿನ ಸ್ಟಿಕರ್ ನೋಡಿ ತಗೊಳ್ಳಿ ಅಷ್ಟೇ, ಡಾಕ್ಟರ್ ಹೆಸರು ಕೇಳಿದರೆ ವಾಪಸ್ ಬನ್ನಿ.

ಇಷ್ಟನ್ನೂ ಅಲ್ಲೇ ನಿಂತು ಆ ಅಪ್ಪನಿಗೆ ಹೇಳಿದೆ. ಅವರು ನನ್ನನ್ನೂ ಅನುಮಾನದಿಂದಲೇ ನೋಡಿದರು, ಪಕ್ಕದ ಅಂಗಡಿಯ ಏಜೆಂಟ್ ಇರಬಹುದು ಅಂತ ಅನಿಸಿರಬೇಕು. ಆದರೂ ಜೇಬಿನಿಂದ ಕೈ ತೆಗೆದು ಮಗನನ್ನು ಕರೆದುಕೊಂಡು ಹೋದರು. ಅಂಗಡಿಯವನು ನನ್ನ ಕಡೆ ತಿರುಗಿ "ನಿಮಗೇನು ಬೇಕಿತ್ತು?" ಅಂದ. ಎಚ್‌ಡಿಎಂಐ ಕೇಬಲ್ ಅಂದೆ. "ಸ್ಟಾಕ್ ಇಲ್ಲ" ಅಂದ. ಅವನ ಹಿಂದೆ ಗೋಡೆ ತುಂಬ ನೇತಾಡುತ್ತಿದ್ದವು.

ಈಗ ಕಾಮೆಂಟಿನಲ್ಲಿ "ನಂದು ಎರಡು ಕಾರ್ಡು, ಸೂಪರಾಗಿ ಓಡ್ತಿದೆ ಬ್ರೋ" ಅನ್ನುವವರು ದಯವಿಟ್ಟು ಮೂರು ಫೋಟೋ ಹಾಕಿ: ಎರಡನೇ ಸ್ಲಾಟಿನ ಒಳಗಿನ ಪಿನ್ನು, ಎಸ್‌ಎಂಪಿಎಸ್ ಮೇಲಿನ ಚೀಟಿ, ಮತ್ತೆ ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಎರಡನೇ ಕಾರ್ಡು ಎಷ್ಟು ಪರ್ಸೆಂಟ್ ತೋರಿಸುತ್ತಿದೆ ಅನ್ನೋದು. ಸೊನ್ನೆ ಇದ್ದರೂ ಪರವಾಗಿಲ್ಲ, ಹಾಕಿ.