ಬೇಗ ಎದ್ದರೆ ವೆನಿಸ್ ಖಾಲಿಯಂತೆ!

ಜನಜಂಗುಳಿ ಇಲ್ಲದ ವೆನಿಸ್ ಬೇಕೇ, ನಸುಕಿಗೇ ಏಳಿ ಎಂದು ಸಿಕ್ಕವರೆಲ್ಲ ಉಪದೇಶಿಸಿದ್ದರು. ಎದ್ದೆ. ಆರು ಗಂಟೆಗೆ ರಿಯಾಲ್ಟೊ ಸೇತುವೆಯ ಮೇಲೆ ಮದುವೆಯ ಉಡುಪಿನ ಮೂರು ಜೋಡಿಗಳು, ಛಾಯಾಗ್ರಾಹಕರು, ಮತ್ತು ಅದೇ ಉಪದೇಶ ಕೇಳಿ ಬಂದ ನನ್ನಂಥ ನಿದ್ದೆಗೇಡಿಗಳು!

ಹತ್ತರ ಹೊತ್ತಿಗೆ ಸಾನ್ ಮಾರ್ಕೊ ಚೌಕದಲ್ಲಿ ಎಳ್ಳು ಹಾಕಿದರೂ ಕೆಳಗೆ ಬೀಳದು. 2024ರಿಂದ ಪ್ರವಾಸಿ ಗುಂಪಿನಲ್ಲಿ 25 ಜನರನ್ನು ಮೀರುವಂತಿಲ್ಲ. ಸರಿ, ಆದರೆ ಒಂದು ಇಪ್ಪತ್ತೈದರ ಬೆನ್ನಿಗೇ ಇನ್ನೊಂದು ಇಪ್ಪತ್ತೈದು ಬರಬಾರದೆಂದು ಯಾರೂ ಹೇಳಿಲ್ಲವಲ್ಲ. ಅದೇ ವರ್ಷ, ಹಗಲು ಬಂದು ಹೋಗುವವರಿಗೆ ಕೆಲವು ದಿನಗಳಲ್ಲಿ 5 ಯೂರೊ ಶುಲ್ಕವನ್ನೂ ಹಾಕಿದರು. ಐದು ಯೂರೊಗೆ ಹೆದರುವವರು ಅಷ್ಟು ದೂರ ಬರುತ್ತಾರೆಯೇ? ದೊಡ್ಡ ಕಾಲುವೆಯಲ್ಲಿ ಸಾಗುವ 1ನೇ ನಂಬರಿನ ಸಾರ್ವಜನಿಕ ದೋಣಿಯಲ್ಲಂತೂ ಅರಮನೆಗಳ ಬದಲು ಯಾರದೋ ಬೆನ್ನುಚೀಲವನ್ನೇ ಕಣ್ತುಂಬ ನೋಡಿದೆ.

ಕೊನೆಗೆ ರೋಸಿ, ಪೂರ್ವದ ತುದಿಯ ಕಾಸ್ತೆಲ್ಲೊ ಬಡಾವಣೆಯ ಕಡೆಗೆ ನಡೆದೆ. ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಹಾಕಿದ ಓಣಿ. ನಿಶ್ಶಬ್ದ. ತರಕಾರಿ ಚೀಲ ಹಿಡಿದು ಬಂದ ಅಜ್ಜಿಯೊಬ್ಬರು ನನ್ನ ಕ್ಯಾಮೆರಾ ನೋಡಿ ನಿಟ್ಟುಸಿರು ಬಿಟ್ಟರು. ಇಲ್ಲಿಗೂ ಬಂದೆಯಾ, ಎಂಬಂತೆ.